ಮನೆತನದ ತೈ ಚಿ

ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮ ಮಾಳಿಗೆಯಿಂದ 'ಸರ್' ಎಂದು ಸಪ್ಪಳ ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಸರ್'. ಯಾರೋ ಕಾಲೆಳೆದುಕೊಂಡು ನಡೆಯುತ್ತಿದ್ದರು. ಕಳ್ಳರ ನಡಿಗೆಯ ಅನುಭವ ನನಗಿಲ್ಲ. ಆದರೂ ಕಳ್ಳರು ಕೆಲಸದಲ್ಲಿ ಚುರುಕಿನವರು ಎಂದು ಕೇಳಿ ಬಲ್ಲೆ. ಇದು ಸರಕಾರಿ ಕಚೇರಿಯ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ವೇಗದಲ್ಲಿತ್ತು.

ನಾನು ಎಚ್ಚರದ ಹೆಂಗಸು. ಗ್ಯಾಸು ಬಂದ್ ಮಾಡಿ ಬಂದು ಮಲಗಿ, ಮಾಡಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗಿ ನೋಡುವವಳು. ಪಕ್ಕಕ್ಕೆ ಕೈಯಾಡಿಸಿದೆ. ಯಜಮಾನರಿರಲಿಲ್ಲ. ಲಟ್ಟಣಿಗೆ ಹಿಡಿದು ಮೆಟ್ಟಿಲು ಹತ್ತಿದೆ.

ನೀರಿನ ಟಾಕಿಗೆ ಮೊಬೈಲು ಒರಗಿಸಿಟ್ಟು, ಬನಿಯನ್ನು ಪಾಯಜಾಮದಲ್ಲಿ ನಿಂತು, ಮೊಣಕಾಲು ಅರ್ಧ ಮಡಚಿ, ಎರಡೂ ಕೈ ಮುಂದೆ ಚಾಚಿ, ಕರೆಂಟು ಹೋದಾಗ ಬೆಂಕಿಪೊಟ್ಟಣ ಹುಡುಕುವವರ ಹಾಗೆ ನನ್ನ ಗಂಡ ಸುಶೀಲೇಂದ್ರ ಗಾಳಿ ತಡಕಾಡುತ್ತಿದ್ದರು.

"ಏನು ನಡಿಸೀರಿ ಇದು?"

"ಸಾವಕಾಶ ಮಾತಾಡು. ಉಸಿರು ಕೆಡತದ."

"ಯಾರದು?"

"ನಂದು. ತೈ ಚಿ ಮಾಡಲಿಕತ್ತೀನಿ."

ಇಲ್ಲಿ ನಮ್ಮ ಯಜಮಾನರ ಒಂದು ಗುಣ ಹೇಳಬೇಕು. ಕಾಲೇಜೊಂದರ ಕಚೇರಿಯಲ್ಲಿ ಹೆಡ್ ಕ್ಲಾರ್ಕರಾದ ಇವರ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಹುಟ್ಟಿದಂದಿನಿಂದ ಬಂದಿಲ್ಲ. ಪ್ರವಾಸಿಗರು ದಾರಿ ಕೇಳಿದರೆ ಕೈ ಮಾಡಿ ತೋರಿಸಿಯೇ ಬಿಡುತ್ತಾರೆ. ಗೋಲಗುಮ್ಮಟ ಊರಿನ ಎಲ್ಲ ದಿಕ್ಕಿಗೂ ಕಾಣುವುದರಿಂದ ಅದೊಂದು ಸರಿಹೋಗುತ್ತದೆ. ಉಳಿದದ್ದು ಪ್ರವಾಸಿಗರ ಹಣೆಬರಹ.

ಅಂದು ಸಂಜೆ ಓಣಿಯಾಚೆಯ ದೇವಾನಂದರ ಮನೆಗೆ ಚಹಾಕ್ಕೆ ಹೋಗಿದ್ದೆವು. ದೇವಾನಂದ ತಿಕೋಟಾದವರು. ಸೊಲ್ಲಾಪುರ ರಸ್ತೆಯಲ್ಲಿ ಟಾಯರ್ ಅಂಗಡಿ ಇಟ್ಟು ಮನೆ ಕಟ್ಟಿಸಿದವರು. ಮಗ ಕುನಾಲನಿಗೆ ಸಿನಿಮಾದ ಹುಚ್ಚು. ಹೋದ ವರ್ಷ ಒಂದು ಕಿರುಚಿತ್ರ ತೆಗೆದಿದ್ದ. ತಾಯಿ ಸತ್ತ ಮೇಲೆ ಮಗಳು ಅಡಿಗೆಮನೆಗೆ ಬಂದು, ಅಳುತ್ತಾ ಜೋಳದ ರೊಟ್ಟಿ ಮಾಡುವ ಕಥೆ. ಬಹಳ ದುಃಖದ ದೃಶ್ಯ. ಆದರೆ ಸೊಲ್ಲಾಪುರದಿಂದ ಕರೆತಂದ ನಟಿ ಜೋಳದ ಹಿಟ್ಟನ್ನು ಬಡಿಯದೆ ಲಟ್ಟಣಿಗೆಯಿಂದ ಲಟ್ಟಿಸಿದ್ದಳು. ತಿಕೋಟಾದಲ್ಲಿ ಚಿತ್ರ ತೋರಿಸಿದಾಗ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರಂತೆ. "ಯವ್ವಾ, ತಾಯಿ ಸತ್ತದ್ದು ಚಲೋ ಆತು, ಈ ರೊಟ್ಟಿ ನೋಡಿದ್ರ ಮತ್ತೊಮ್ಮೆ ಸಾಯ್ತಿದ್ಳು" ಎಂದು ಒಬ್ಬ ಮುದುಕಿ ಹೇಳಿದ್ದು ಇಂದಿಗೂ ಆ ಕಡೆ ಗಾದೆಯಂತೆ ಉಳಿದಿದೆ.

ಅದಾದ ಮೇಲೆ ಕುನಾಲ ನೈಜತೆಯ ವ್ರತ ಹಿಡಿದ. ದೇವಾನಂದರು ಬೇರೆ ವ್ರತ ಹಿಡಿದರು. "ಇದೊಂದು ಸಿನಿಮಾ ಮಾಡು. ಇದಕ್ಕೂ ಮಂದಿ ನಕ್ಕರ, ಮರುದಿನ ಅಂಗಡಿ ಬೀಗ ನೀನ ತಗೀಬೇಕು" ಎಂದು ಮಗನಿಗೆ ಹೇಳಿಬಿಟ್ಟಿದ್ದರು.

ಹೊಸ ಕಥೆಯಲ್ಲಿ ಹಡಗಿನ ಅಡಿಗೆಯವನಾಗಿ ದೇಶ ತಿರುಗಿದ ಮುದುಕ ಕೊನೆಗಾಲಕ್ಕೆ ವಿಜಯಪುರಕ್ಕೆ ಮರಳುತ್ತಾನೆ. ಯಾವುದೋ ಬಂದರಿನಲ್ಲಿ ಕಲಿತ ತೈ ಚಿ ಎಂಬ ನಿಧಾನದ ಚೀನೀ ವ್ಯಾಯಾಮವನ್ನು ದಿನಾ ಮಾಳಿಗೆಯ ಮೇಲೆ ಮಾಡುತ್ತಾನೆ. ಸೊಸೆಗೆ ಅದು ಸೇರುವುದಿಲ್ಲ.

"ಬ್ಯಾರೆ ಸಿನಿಮಾದಾಗ ತೈ ಚಿ ಅಂದ್ರ ಮುದುಕ ಒಂದು ಬೆರಳಲೆ ಹತ್ತು ಮಂದೀನ ಹಾರಸ್ತಾನ್ರಿ ಕಾಕಾ," ಎಂದ ಕುನಾಲ. "ಎಲಿ ಉದರತಾವ, ಕೊಳಲು ಊದತಾರ. ನನ್ನ ಸಿನಿಮಾದಾಗ ಯಾರೂ ಹಾರಂಗಿಲ್ಲ. ಮುದುಕ ತೈ ಚಿ ಮಾಡೂಮುಂದ ಸೊಸಿ ಬಟ್ಟಿ ಒಣಾ ಹಾಕ್ತಿರಬೇಕು. ಕೆಳಗ ಕುಕ್ಕರ್ ಸೀಟಿ ಹೊಡೀಬೇಕು. ಖರೇ ಮನಿ ಇದ್ದಂಗ ಇರಬೇಕು. ಆದ್ರ ಖರೇ ತೈ ಚಿ ಬರೂವಂಥಾ ವಯಸ್ಸಾದವರು ಈ ಊರಾಗ ಯಾರದಾರ?"

ನಾನು ಇವರ ಕಾಲು ತುಳಿಯುವಷ್ಟರಲ್ಲಿ ತಡವಾಗಿತ್ತು.

"ಯಾಕ, ನಾ ಇಲ್ಲೇನು?" ಅಂದುಬಿಟ್ಟರು. "ಭಾಳ ದಿನದಿಂದ ಮಾಡ್ತೀನಿ. ಯಾರಿಗೂ ಹೇಳಿಲ್ಲ ಅಷ್ಟ."

ಇದರ ಫಲವೇ ಮಾಳಿಗೆಯ ಮೇಲಿನ ಸಪ್ಪಳ. ಬೆಳಿಗ್ಗೆ ಹೋಗಿ ಒಲ್ಲೆನೆಂದು ಹೇಳಿ ಬರುವುದಾಗಿ ನನಗೆ ಮಾತು ಕೊಟ್ಟು ಮಲಗಿದರು. ಅವರು ಆ ಮಾತು ಉಳಿಸಿಕೊಳ್ಳುತ್ತಿದ್ದರೆಂದೇ ಈಗಲೂ ನಂಬುತ್ತೇನೆ. ಆದರೆ ನಸುಕಿನಲ್ಲಿ ಕೊನೆಯ ಸಲ ನೋಡೋಣ ಎಂದು ಮತ್ತೆ ಮಾಳಿಗೆ ಹತ್ತಿದರು. ಆಗಲೇ ಹಿಂದಿನ ಮನೆಯ ಸೋನಾಬಾಯಿ ತುಳಸಿಗೆ ನೀರು ಹಾಕಲು ತಮ್ಮ ಮಾಳಿಗೆಗೆ ಬಂದರು.

ನಾನು ಚಹಾ ಸೋಸುತ್ತಿದ್ದೆ. ಸೋನಾಬಾಯಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ನನ್ನ ಎರಡೂ ಕೈ ಹಿಡಿದರು. ಕಣ್ಣಲ್ಲಿ ನೀರು.

"ವೈನಿ, ಧೈರ್ಯಾ ಬಿಡಬ್ಯಾಡ್ರಿ. ಯಾವಾಗ ಹೊಡೀತ್ರಿ?"

"ಏನು?"

"ಲಕ್ವಾರಿ! ಮಾಳಿಗಿ ಮ್ಯಾಲ ನೋಡಿದ್ನೆಲ್ರಿ. ಒಂದು ಹೆಜ್ಜಿ ಎತ್ತಾಕ ಯುಗ ತಗೋಳಾಕತ್ತಾರ. ಕೈ ಮ್ಯಾಲ ಹೋಗಿದ್ದು ಕೆಳಗ ಬರವಲ್ದು. ನಮ್ಮ ಮಾವಗೂ ಹಿಂಗ ಆಗಿತ್ತು."

ಲಕ್ವಾ ಎಂದರೆ ಪಾರ್ಶ್ವವಾಯು. ನಾನು ವಿವರಿಸಲು ಬಾಯಿ ತೆರೆದೆ. ಆದರೆ ತೈ ಚಿ ಎಂದರೆ ಏನೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಾತನ್ನು ತೂಗಿ ಆಡುವವರಿಗೆ ಇದೇ ಕಷ್ಟ. ನಾನು ತೂಗುತ್ತಿರುವಾಗಲೇ ಸೋನಾಬಾಯಿ ಹೋಗಿ, ತಿರುಗಿ ಬಂದಿದ್ದರು. ಈ ಸಲ ಸೆರಗಿನಲ್ಲಿ ಒಂದು ಜೀವಂತ ಪಾರಿವಾಳ.

ನಮ್ಮ ಕಡೆ ಲಕ್ವಾ ಹೊಡೆದ ಕೈಗೆ ಪಾರಿವಾಳದ ರಕ್ತ ಹಚ್ಚುವ ನಂಬಿಕೆಯೊಂದಿದೆ. ನಮ್ಮದು ಮಡಿ ಮೈಲಿಗೆಯ ಮನೆ. ಈರುಳ್ಳಿ ಕೂಡ ಒಳಗೆ ಬರುವ ಮುನ್ನ ದಿನ ನೋಡುತ್ತದೆ. ನನ್ನ ಅತ್ತೆ ತುಂಗಾಬಾಯಿ ದೇವರ ಮುಂದಿನಿಂದ ಎದ್ದು ಬಂದು ಪಾರಿವಾಳವನ್ನೂ ಸೋನಾಬಾಯಿಯನ್ನೂ ಒಮ್ಮೆ ನೋಡಿದರು.

"ಸೋನಾಬಾಯಿ, ಪಕ್ಷಿ ಇಲ್ಲೆ ಬಿಡವಾ. ನಾ ಹಚ್ಚತೀನಿ."

ಸೋನಾಬಾಯಿ ಹೋದ ಮೇಲೆ ಅತ್ತೆ ಪಾರಿವಾಳವನ್ನು ಮಾಳಿಗೆಗೆ ಒಯ್ದು ಒಂದು ಹಿಡಿ ಜೋಳ ಹಾಕಿದರು. ಅದು ಮತ್ತೆ ನಮ್ಮ ಮನೆ ಬಿಟ್ಟು ಹೋಗಲಿಲ್ಲ.

ಸುದ್ದಿ ಮಾತ್ರ ಬೇಗ ಹೋಯಿತು. ಬಬಲೇಶ್ವರದ ಬಸ್ಸು ಹತ್ತುವಾಗ 'ಕೈ ಹಿಡಿದುಕೊಂಡಿದೆ' ಎಂದಿದ್ದ ಸುದ್ದಿ ಅಲ್ಲಿ ಇಳಿಯುವಾಗ 'ಮಾತು ನಿಂತಿದೆ' ಎಂದಾಗಿತ್ತು. ಮಧ್ಯಾಹ್ನ ಬಬಲೇಶ್ವರದಿಂದ ನನ್ನ ಅಣ್ಣ ರಾಮಚಂದ್ರ, ಮಠದಿಂದ ರಾಯರ ಅಕ್ಷತೆ, ತೆಂಗಿನಕಾಯಿ ಹಿಡಿದುಕೊಂಡು ಓಡಿ ಬಂದ. ಬಾಗಿಲಲ್ಲೇ "ಭಾವಾ!" ಎಂದು ಅಳಲು ಆರಂಭಿಸಿದ. ಭಾವ ಒಳಗೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು. ಅಣ್ಣನಿಗೆ ಅಳು ನಿಲ್ಲಿಸುವುದೋ ಮುಂದುವರಿಸುವುದೋ ತಿಳಿಯದೆ, ಒಂದು ಭಜಿ ತೆಗೆದುಕೊಂಡ.

"ಮಾತು ನಿಂತದ ಅಂದ್ರಲ್ಲ?"

"ಯಾರದು ನಿಂತದ?" ಎಂದು ಇವರು ಎದ್ದು ನಿಂತರು. ಬಾಗಿಲಲ್ಲಿ ಅರ್ಧ ಓಣಿ ನೆರೆದಿತ್ತು. ಕಾಲೇಜಿನ ಸಿಪಾಯಿ ಕೂಡ ಪ್ರಿನ್ಸಿಪಾಲರ ಕಡೆಯಿಂದ ರಜೆಯ ಅರ್ಜಿ ಹಿಡಿದು ನಿಂತಿದ್ದ. "ಕೇಳ್ರಿ ಎಲ್ಲಾರೂ! ನನಗ ಏನೂ ಆಗಿಲ್ಲ. ನಾ ಮಾಡಿದ್ದು ತೈ ಚಿ. ಅದು ತಿಳೀಲಿಕ್ಕೆ ವಿದ್ಯಾ ಬೇಕು. ಕುನಾಲನ ಸಿನಿಮಾದಾಗ ನಾ ಅದನ್ನ ಮಾಡಲಿಕತ್ತೀನಿ. ಬಂದು ನೋಡ್ರಿ!"

ಲಕ್ವಾ ಇಲ್ಲವೆಂದು ತೋರಿಸಲು ಅವರಿಗೆ ತೈ ಚಿ ಬೇಕಾಯಿತು. ತೈ ಚಿ ಒಲ್ಲೆನೆಂದರೆ ಲಕ್ವಾ ಉಳಿಯುತ್ತಿತ್ತು. ಬಾಗಿಲ ಹೊರಗೆ ನಿಂತಿದ್ದ ಕುನಾಲನ ಮುಖ ಅರಳಿತು. ಆ ಹುಡುಗನ ಮುಂದಿನ ಬಾಳು ಟಾಯರೋ ಸಿನಿಮಾವೋ ಎಂಬುದು ಈಗ ನನ್ನ ಗಂಡನ ಮೊಣಕಾಲಿನ ಮೇಲೆ ನಿಂತಿತ್ತು.

ಆಮೇಲೆ ಕುನಾಲ ಇನ್ನೊಂದು ಮಾತು ಹೇಳಿದ. "ಕಾಕಾ, ಶೂಟಿಂಗ್ ದಿನ ಬಂದೇನವಾಜ ಮಾಸ್ತರು ಬರತಾರ್ರಿ. ಕರಾಟೆ ಕಲಸ್ತಾರ. ಪುಣೆದಾಗ ತೈ ಚಿ ಶಿಬಿರಕ್ಕೂ ಹೋಗಿದ್ರಂತ. ತಪ್ಪಿದ್ರ ತಪ್ಪು ಅಂತ ಹೇಳಾವ್ರು ಒಬ್ಬರು ಇರಬೇಕಲ್ರಿ. ಇನ್ನೊಮ್ಮೆ ಲಟ್ಟಣಿಗಿ ಆಗಬಾರದು."

"ಬರಲಿ, ಬರಲಿ," ಎಂದರು ಯಜಮಾನರು, ನೀರು ಕುಡಿಯುತ್ತಾ.

ಈ ಗದ್ದಲದಲ್ಲಿ ಅತ್ತೆಯ ಕಡೆ ಯಾರೂ ಗಮನ ಕೊಡಲಿಲ್ಲ. ಬಿಸಿಲು ಬಲಿತಿತ್ತು. ಈ ವರ್ಷ ಶಾವಿಗೆ ಹೊಸೆಯಲೇಬೇಕೆಂದು ಅವರು ಹಟ ಹಿಡಿದಿದ್ದರು. ಕೈ ನಡುಗುತ್ತದೆ, ಅಂಗಡಿಯಿಂದ ತರೋಣ ಎಂದರೆ, "ಅವು ಶಾವಿಗಿ ಅಲ್ಲ, ತಂತಿ" ಎನ್ನುತ್ತಿದ್ದರು. ಇಳಿಜಾರಾಗಿ ಇಟ್ಟ ಮಣೆಯ ಮೇಲೆ ಅವರು ಅಂಗೈಯಿಂದ ಹಿಟ್ಟು ಹೊಸೆದರೆ ಎಳೆ ಇಳಿಯುತ್ತಾ ಬರುತ್ತದೆ. ಕೆಳಗೆ ಇನ್ನೊಬ್ಬರು ಅದನ್ನು ಎರಡೂ ಕೈಗೆ ಸುತ್ತಿಕೊಂಡು, ಹರಿಯದಂತೆ ಒಯ್ದು, ಬಿದಿರು ಕೋಲಿನ ಮೇಲೆ ಇಳಿಬಿಡಬೇಕು. ನಾನು ಬಿ.ಎ. ಮಾಡಿಕೊಂಡು ಈ ಮನೆಗೆ ಬಂದಾಗಿನಿಂದ ಆ ಇನ್ನೊಬ್ಬಳು ನಾನೇ. ಎಳೆ ಹರಿದೀತೆಂಬ ಹೆದರಿಕೆಯಲ್ಲಿ ಅವಸರ ಮಾಡುತ್ತೇನೆ, ಅವಸರಕ್ಕೆ ಹರಿಯುತ್ತದೆ.

"ಸುಶಿ ಹಿಡೀತಿದ್ದಾಗ ಒಂದೂ ಎಳಿ ಹರೀತಿದ್ದಿಲ್ಲ," ಎಂದು ಅತ್ತೆ ಪ್ರತಿ ಬೇಸಿಗೆ ಹೇಳುವರು. ಆಗ ಇವರು ಎದ್ದು ಹೋಗಿ ಫ್ಯಾನಿನ ಗುಂಡಿ ಒತ್ತುವರು. ಅದು ತಿರುಗುತ್ತಿದ್ದರೂ ಒತ್ತುವರು.

ಶೂಟಿಂಗಿನ ದಿನ ಬಂತು. ಅತ್ತೆ ಅದೇ ದಿನ ಹಿಟ್ಟು ನಾದಿಟ್ಟಿದ್ದರು. ನಾಳೆ ಹೊಸೆಯಿರಿ ಎಂದರೆ, "ಕುನಾಲ ಹೇಳಿದ್ರ ಹಿಟ್ಟು ಕಾಯತದೇನು?" ಎಂದು ಟಾಕಿಯ ಹಿಂದಿನ ನೆರಳಿನಲ್ಲಿ ಮಣೆ ಹಾಕಿ ಕೂತರು. ಅದರಿಂದ ತೊಂದರೆಯೇನೂ ಇರಲಿಲ್ಲ. ಕುನಾಲ ಕ್ಯಾಮೆರಾ ಇಟ್ಟಿದ್ದು ಓಣಿಯಾಚೆ ತಮ್ಮ ಮಾಳಿಗೆಯ ಮೇಲೆ. ನೆರೆಯವರು ಕದ್ದು ನೋಡಿದ ಹಾಗೆ, ದೂರದಿಂದ, ಬೆಳಕಿಗೆ ಎದುರಾಗಿ ಬರಬೇಕಂತೆ. ಟಾಕಿಯ ಹಿಂದಿನದು ಅಲ್ಲಿಗೆ ಕಾಣುತ್ತಿರಲಿಲ್ಲ.

ಸೊಸೆಯ ಪಾತ್ರದವಳಿಗೆ ಜ್ವರ. "ಕಾಕು, ಬೆನ್ನು ಅಷ್ಟ ಕಾಣತೈತ್ರಿ, ನೀವ ನಿಂದರ್ರಿ" ಎಂದ ಕುನಾಲ. ಹೀಗೆ ನಾನು ನನ್ನ ಗಂಡನಿಗೆ ಸೊಸೆಯಾದೆ. ಗಂಡ ತಲೆಗೆ ಪೌಡರು ಬಡಿದುಕೊಂಡು ನನಗೆ ಮಾವನಾದರು. ನಾನು ಒದ್ದೆ ಸೀರೆ ಹಿಡಿದು ಹಗ್ಗದ ಹತ್ತಿರ ನಿಂತೆ. ಆಚೆ ಮಾಳಿಗೆಯಲ್ಲಿ ಕ್ಯಾಮೆರಾದ ಪಕ್ಕ ಕುನಾಲ, ಎದೆಯ ಮೇಲೆ ಕೈಕಟ್ಟಿ ದೇವಾನಂದರು, ಅವರ ನಡುವೆ ಬಿಳಿ ಅಂಗಿ ತೊಟ್ಟ, ಗಿಡ್ಡ ಗಡ್ಡದ ಬಂದೇನವಾಜ ಮಾಸ್ತರು.

"ಚಾಲೂ ಮಾಡ್ರಿ ಕಾಕಾ!"

ಯಜಮಾನರು ಚಾಲೂ ಮಾಡಿದರು. ಮೊಬೈಲಿನಲ್ಲಿ ಎದುರು ನಿಂತವನನ್ನು ನೋಡಿ ಕಲಿತದ್ದರಿಂದ ಎಡ ಬಲವಾಗಿ, ಬಲ ಎಡವಾಗಿ, ಎರಡೂ ಕಾಲು ಒಂದೇ ಕಡೆ ಹೋಗಿ, ಉಳಿದ ದೇಹ ಸಲಹೆ ಕೇಳುತ್ತಾ ನಿಂತಿತು.

"ಸರ, ಮೊಣಕಾಲು ಸಡಿಲ ಬಿಡ್ರಿ!" ಎಂದು ಮಾಸ್ತರು ಆಚೆಯಿಂದ ಕೂಗಿದರು.

ಇವರು ಬಿಟ್ಟರು. ಕೂತೇ ಬಿಟ್ಟರು.

"ಉಸಿರು ಬಿಡ್ರಿ ಸರ!"

ಬಿಟ್ಟರು. ತಲೆಯ ಪೌಡರೂ ಹಾರಿತು. ಹಿಂದಿನ ಮಾಳಿಗೆಯಿಂದ ಸೋನಾಬಾಯಿ, "ಪಾರಿವಾಳ ಹಚ್ಚಲಿಲ್ಲ ನೋಡ್ರಿ" ಎಂದು ಯಾರಿಗೋ ಹೇಳಿದ್ದು ಕೇಳಿತು.

ಮತ್ತೆ ಮಾಡಿದರು, ಮತ್ತೆ ಕೆಟ್ಟಿತು. ಕೊನೆಗೆ ಗಾಳಿಗೆ ಮಾಸ್ತರ ಮಾತು ತೇಲಿ ಬಂತು: "ಕುನಾಲ, ಸುಳ್ಳು ಹೇಳಾಕ ನನಗ ಬರಂಗಿಲ್ಲಪಾ. ಇದು ತೈ ಚಿ ಅಲ್ಲ."

ದೇವಾನಂದರು ಕಟ್ಟಿದ ಕೈ ಬಿಚ್ಚಿ, ಜೇಬಿನಿಂದ ಅಂಗಡಿಯ ಬೀಗದಕೈ ಗೊಂಚಲು ತೆಗೆದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಗೊಂಚಲನ್ನು ಮಗನ ಪಕ್ಕದ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟರು. ಕುನಾಲ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಈಚೆ ನನ್ನ ಗಂಡ ಮಾಳಿಗೆಯ ನಡುವೆ, ಯಾರೋ ಮರೆತುಹೋದ ಕುರ್ಚಿಯ ಹಾಗೆ ನಿಂತಿದ್ದರು. ಅವರ ತುಟಿ ಅಲುಗಿತು. 'ನನಗೆ ಗೊತ್ತಿಲ್ಲ' ಎಂದು ಹೇಳಲು ಮೊದಲ ಸಲ ಸಿದ್ಧರಾಗುತ್ತಿದ್ದಾರೆ ಎಂದು ನನಗೆ ತಿಳಿಯಿತು.

ಆಗ ಟಾಕಿಯ ಹಿಂದಿನಿಂದ, ಎದುರುಗಾಳಿಗೆ ಓಣಿ ದಾಟದ, ಅತ್ತೆಯ ದನಿ. "ಮೃಣಾಲ, ಎಳಿ ಬಂತು, ಹಿಡಿ!"

"ಅತ್ಯಾ, ಕ್ಯಾಮೆರಾ ನಡದದರಿ. ಕೈಯಾಗ ಒದ್ದಿ ಸೀರಿ ಅದ."

"ಕ್ಯಾಮೆರಾಕ್ಕ ಶಾವಿಗಿ ತಿನಸ್ತೀಯೇನು? ಹರೀತಾವ! ಸುಶೀ! ಓಡಬ್ಯಾಡ, ಬಾ!"

ಅದು ಹೆಡ್ ಕ್ಲಾರ್ಕರನ್ನು ಕರೆಯುವ ದನಿಯಾಗಿರಲಿಲ್ಲ. ಇವರ ಹುಟ್ಟೂರು ಕಳ್ಳಕವಟಗಿಯ ಮಣ್ಣಿನ ಮಾಳಿಗೆಯಿಂದ, ಕೆಳಗೆ ಆಡುವ ಹುಡುಗನನ್ನು ಕರೆಯುವ ದನಿ. ಇವರು ಯೋಚಿಸಲಿಲ್ಲ. ಟಾಕಿಯ ಕಡೆ ತಿರುಗಿ ಎರಡೂ ಕೈ ಮುಂದೆ ಹಿಡಿದರು. ಅತ್ತೆ ಎಳೆಗಳನ್ನು ಅವರ ಬೆರಳಿಗೆ ಇಳಿಸಿದರು.

ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ? ಮೊಣಕಾಲು ತಾನೇ ಬಾಗಿತು. ಭುಜ ಇಳಿಯಿತು. ಒಂದು ಪಾದ ನೆಲ ಮುಟ್ಟಿ, ನೆಲ ಒಪ್ಪಿದ ಮೇಲೆ ಇನ್ನೊಂದು ಎದ್ದಿತು. ಎರಡು ಕೈಗಳ ನಡುವೆ ಗಾಳಿಗೂ ಹರಿಯಬಹುದಾದ ಎಳೆಗಳು. ಉಸಿರು ಬಿಟ್ಟರೆ ಅಲುಗುವಂಥವು. ಅವರು ಉಸಿರನ್ನೂ ಎಳೆಯ ಹಾಗೆಯೇ ಬಿಡುತ್ತಿದ್ದರು. ಹೊಟ್ಟೆ ಬಂದ, ತಲೆಗೆ ಪೌಡರು ಮೆತ್ತಿದ ನನ್ನ ಗಂಡನ ಒಳಗಿನಿಂದ ಒಬ್ಬ ಹುಡುಗ ಎದ್ದು ನಡೆದು ಬರುತ್ತಿದ್ದ. ಕೋಲಿನ ಹತ್ತಿರ ಬಂದು ಕೈ ಎತ್ತಿದರು. ಅಷ್ಟರಲ್ಲಿ ಆ ಪಾರಿವಾಳ ಶಾವಿಗೆಯ ಆಸೆಗೆ ಕೋಲಿನ ತುದಿಗೆ ಬಂದು ಕೂತಿತು. ಇವರು ಎಳೆ ಅಲುಗದಂತೆ ಮೊಣಕೈಯನ್ನು ಮೆಲ್ಲಗೆ ಬೀಸಿ ಅದನ್ನು ಎಬ್ಬಿಸಿದರು. ಅದು ಹಾರಿತು. ಎಳೆಗಳು ಕೋಲಿನ ಮೇಲೆ ಇಳಿದವು.

"ಯಾ ಅಲ್ಲಾ!" ಆಚೆಯಿಂದ ಮಾಸ್ತರು ಕಿರುಚಿದರು. "ಇದ ನೋಡಪಾ, ಇದ! ಬಂದ್ ಮಾಡಬ್ಯಾಡ ಕ್ಯಾಮೆರಾ! ಕೊಕ್ಕರಿ ರೆಕ್ಕಿ ಬಿಚ್ಚೂ ಪಟ್ಟು ಅದು! ಪುಣೆ ಮಾಸ್ತರಗೂ ಹಿಂಗ ಬರತಿದ್ದಿಲ್ಲ!"

ಕುನಾಲ ಟೊಪ್ಪಿಗೆ ಹಾಕಿಕೊಂಡ. "ಕಾಕಾ! ಇನ್ನೊಮ್ಮೆ! ಹಿಂಗ ಮಾಡ್ರಿ!"

ಇವರು ಹೌಹಾರಿ ಅಮ್ಮನನ್ನು ನೋಡಿದರು. ಅತ್ತೆಯ ಅಂಗೈ ಆಗಲೇ ಮಣೆಯ ಮೇಲೆ ಓಡುತ್ತಿತ್ತು. ಲೋಟ ಹಿಡಿದರೆ ನಡುಗುವ ಕೈ ಅಲ್ಲಿ ನಡುಗುತ್ತಿರಲಿಲ್ಲ.

"ಬಾ," ಎಂದರು. "ಹಿಟ್ಟು ಇನ್ನೂ ಭಾಳ ಅದ."

ಹಿಟ್ಟು ಮುಗಿಯುವವರೆಗೆ ಶೂಟಿಂಗ್ ನಡೆಯಿತು. ನಡುವೆ ನನ್ನ ಪಕ್ಕ ಬಂದಾಗ ಇವರು ತುಟಿ ಅಲುಗಿಸದೆ ಹೇಳಿದರು: "ಮನ್ಯಾಗ ಹೆಣ್ಣುಮಕ್ಕಳಿದ್ದಿಲ್ಲ. ಅವ್ವಗ ನಾನ ಹಿಡೀತಿದ್ದೆ. ಊರ ಹುಡುಗರು 'ಶಾವಿಗಿ ಸುಶವ್ವ' ಅಂತಿದ್ರು. ಒಂದು ವರ್ಷ ಹೋಗಲಿಲ್ಲ. ಅವ್ವ ಒಬ್ಬಾಕಿನ ಹೊಸೆದು, ಒಬ್ಬಾಕಿನ ಎದ್ದು ಹಾಕಿದಳು. ಬೈಲಿಲ್ಲ." ಅಷ್ಟು ಹೇಳಿ ಮತ್ತೆ ಎಳೆ ತರಲು ಹೋದರು.

ಬೈಯದವರ ನೆನಪು ಬೈದವರಿಗಿಂತ ಬಹಳ ದಿನ ಉಳಿಯುತ್ತದೆ.

ಮುಗಿದ ಮೇಲೆ ಎಲ್ಲರೂ ನಮ್ಮ ಮಾಳಿಗೆಗೆ ಓಡಿ ಬಂದರು. ಮಣೆ ಕಾಣದಂತೆ ಅದರ ಮೇಲೆ ನಾನು ಒದ್ದೆ ಸೀರೆ ಎಸೆದೆ. ಕೋಲಿನ ತುಂಬ ಶಾವಿಗೆ ತೂಗುತ್ತಿತ್ತು. ಆದರೆ ಬೇಸಿಗೆಯಲ್ಲಿ ನಮ್ಮೂರಿನ ಮಾಳಿಗೆಯ ಮೇಲೆ ಶಾವಿಗೆ ಕಂಡರೆ ಯಾರು ಆಶ್ಚರ್ಯಪಡುತ್ತಾರೆ? ಕುನಾಲ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ದೃಶ್ಯ ತೋರಿಸಿದ. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಬೆಳಕಿನಲ್ಲಿ ಮಗನ ಎರಡು ಕೈ, ನಡುವೆ ಬರೀ ಗಾಳಿ. ಎಳೆಯ ಸುಳಿವೇ ಇಲ್ಲ.

ನನ್ನ ಕಿವಿಯಲ್ಲಿ ಹೇಳಿದರು: "ಎಷ್ಟು ಸಣ್ಣ ಹೊಸದೀನಿ ನೋಡು. ಯಂತ್ರಕ್ಕೂ ಕಾಣವಲ್ದು."

ಮಾಸ್ತರು ಇವರ ಕೈ ಕುಲುಕಿದರು. ಕುಲುಕುತ್ತಾ ಇವರ ಮೊಣಕೈ ಕಡೆ ನೋಡಿದರು. ಆಮೇಲೆ ಕೋಲಿನ ಕಡೆ, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ನನಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ.

ಮಳೆಗಾಲದ ಕೊನೆಗೆ ಊರಿನ ಒಂದು ಸಣ್ಣ ಸಭಾಭವನದಲ್ಲಿ ಚಿತ್ರ ತೋರಿಸಿದರು. ತಿಕೋಟಾದ ಹೆಂಗಸರು ಸೆರಗು ಸಿದ್ಧ ಮಾಡಿಕೊಂಡೇ ಬಂದಿದ್ದರು. ಮಾಳಿಗೆಯ ದೃಶ್ಯ ಬಂತು. ಕೆಳಗೆ ಕುಕ್ಕರ್ ಸೀಟಿ ಹೊಡೆಯಿತು. ಹೊರಗಿನ ಲೋಕ ಮರೆತ ಮುದುಕ ಕೈ ಚಾಚಿ ನಡೆದು ಬಂದ. ಯಾರೂ ನಗಲಿಲ್ಲ. ಅದೇ ಹಳೆಯ ಮುದುಕಿ, "ಪಾಪ, ಏನೋ ಭಾಳ ನಾಜೂಕಿಂದು ಹಿಡಕೊಂಡಾನ" ಎಂದಳು. ಆಗಲೇ ದೊಡ್ಡ ಪರದೆಯ ಮೇಲೆ, ಯಜಮಾನರ ಬೆರಳುಗಳ ನಡುವೆ, ಒಂದು ಎಳೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮಿಂಚಿತು. ಮುಂದಿನ ಸಾಲಿನಲ್ಲಿದ್ದ ಬಂದೇನವಾಜ ಮಾಸ್ತರು ಮೆಲ್ಲಗೆ ಹಿಂತಿರುಗಿ ನನ್ನನ್ನು ನೋಡಿದರು.

ದೀಪ ಹತ್ತಿತು. ಚಪ್ಪಾಳೆ ನಿಂತ ಮೇಲೆ ಧಾರವಾಡದಿಂದ ಬಂದ ಅತಿಥಿಯೊಬ್ಬರು ಎದ್ದು, "ಕೌಟುಂಬಿಕ ಚಿತ್ರದಲ್ಲಿ ತೈ ಚಿಯನ್ನು ಇಷ್ಟು ನೈಜವಾಗಿ ಯಾರೂ ತೋರಿಸಿಲ್ಲ. ಇದು ಯಾವ ಶೈಲಿ, ದಯವಿಟ್ಟು ಹೇಳಬೇಕು" ಎಂದರು.

ಯಜಮಾನರು ಎದ್ದು ನಿಂತರು. 'ಗೊತ್ತಿಲ್ಲ' ಎನ್ನಲು ಬಾರದ ಬಾಯಿ ತೆರೆಯಿತು. ನಾನು ಕಣ್ಣು ಮುಚ್ಚಿದೆ.

"ನಾ ಹೇಳತೀನ್ರಿ," ಎಂಬ ದನಿ ಮುಂದಿನ ಸಾಲಿನಿಂದ ಬಂತು. ಮಾಸ್ತರು ಎದ್ದಿದ್ದರು. ಅತ್ತೆಯ ಕಡೆ ಒಮ್ಮೆ ನೋಡಿ ಹೇಳಿದರು: "ಇದು ಮನಿತನದ ಶೈಲಿರಿ. ಹೊರಗ ಯಾರಿಗೂ ಕಲಸಂಗಿಲ್ಲ."

ಅತಿಥಿಗಳು ತಲೆದೂಗಿದರು. ದೇವಾನಂದರು ಮಗನ ಹೆಗಲ ಮೇಲೆ ಕೈ ಹಾಕಿ, ಮತ್ತೊಂದು ಕೈಯಿಂದ ಬೀಗದಕೈ ಗೊಂಚಲನ್ನು ತಮ್ಮದೇ ಜೇಬಿನಲ್ಲಿ ಇನ್ನೂ ಕೆಳಕ್ಕೆ ತುರುಕಿದರು.

ಹೊರಗೆ ಅತ್ತೆ ನನ್ನ ಕೈಯಲ್ಲಿ ಒಂದು ಡಬ್ಬಿ ಕೊಟ್ಟು ಮಾಸ್ತರ ಕಡೆ ಕಣ್ಣು ಮಾಡಿದರು. ನಾನು ಕೊಟ್ಟಾಗ ಮಾಸ್ತರು ಮುಚ್ಚಳ ತೆಗೆದು ನೋಡಿದರು. ಒಳಗೆ ಶಾವಿಗೆ. ಒಂದು ಎಳೆ ಮುರಿದು ಬಾಯಿಗೆ ಹಾಕಿಕೊಂಡರು.

"ಅವತ್ತ ಸರ್ ಅವರ ಮೊಣಕೈಗೆ ಒಂದು ಎಳಿ ಅಂಟಿತ್ರಿ ವೈನಿ," ಎಂದರು. "ನಮ್ಮ ಅಮ್ಮಾ ಬೀಬಿಜಾನ ಇರೂತನಾ ರಮಜಾನಕ್ಕ ಮನ್ಯಾಗ ಹೊಸೀತಿದ್ಳು, ಸುರಕುಂಬಾ ಪಾಯಸ ಮಾಡಾಕ. ಎಳಿ ಹಿಡಿಯಾಂವ ನಾನ. ಕರಾಟೆ ಕಲಸಾಕತ್ತ ಮ್ಯಾಲ ಆ ಮಾತು ಎಲ್ಲೂ ಆಡಿಲ್ಲ ನೋಡ್ರಿ."

ನಾನು ಏನು ಹೇಳಬೇಕೆಂದು ಮಾತು ತೂಗುತ್ತಿದ್ದೆ. ಅವರು ಡಬ್ಬಿಯನ್ನು ಸ್ಕೂಟರಿನ ಪೆಟ್ಟಿಗೆಯಲ್ಲಿ ಇಟ್ಟರು. ಮನಸ್ಸು ಒಪ್ಪಲಿಲ್ಲ. ಮತ್ತೆ ತೆಗೆದು ಎರಡು ಪಾದಗಳ ನಡುವೆ, ಮುರಿಯದಂತೆ, ನೇರವಾಗಿ ಇಟ್ಟುಕೊಂಡರು.

"ಸರ್ ಅವರಿಗೂ ಹೇಳಬ್ಯಾಡ್ರಿ, ನನಗ ಗೊತ್ತೈತಿ ಅಂತ," ಎಂದರು. "ನಾ ಅಂತೂ ಯಾರಿಗೂ ಹೇಳಂಗಿಲ್ಲ."

ಆಮೇಲೆ ಆ ಕರಾಟೆ ಮಾಸ್ತರು ಸೊಲ್ಲಾಪುರ ರಸ್ತೆಗೆ ಹತ್ತಿ, ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಿದ್ದರೂ, ಎಳೆ ಹಿಡಿದವರ ಹಾಗೆ ಸಾವಕಾಶ ಹೋದರು.